ಹಿರಿಯಳಿಯನ ಬೆಂಕಿಪೊಟ್ಟಣ

ಷಡ್ಡಕರ ನಡುವೆ ಪ್ರೀತಿ ಇರಬಾರದೆಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಆದರೂ ಅಕ್ಕತಂಗಿಯರನ್ನು ಮದುವೆಯಾದ ಇಬ್ಬರು ಗಂಡಸರು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತಾಗ, ತುಪ್ಪ ಮೊದಲು ಯಾರ ಎಲೆಗೆ ಬಿತ್ತು ಎಂದು ಓರೆಗಣ್ಣಿನಲ್ಲಿ ನೋಡದವರು ಅಪರೂಪ. ಶಿವಮೊಗ್ಗದ ಗೋಪಾಳದ ಸುಬ್ಬಪ್ಪನಿಗೆ ಬಹಳ ವರ್ಷ ಹಾಗೆ ನೋಡುವ ಅಗತ್ಯವೇ ಬಿದ್ದಿರಲಿಲ್ಲ. ಭದ್ರಾವತಿಯ ಅತ್ತೆ ಮನೆಯಲ್ಲಿ ತುಪ್ಪ ಮೊದಲು ಬೀಳುತ್ತಿದ್ದದ್ದು ಅವನ ಎಲೆಗೇ.

ಅವನು ಆ ಮನೆಯ ಹಿರಿಯಳಿಯ. ಹಿರಿಮಗಳು ವೀಣಾಳ ಗಂಡ. ಗೋಪಾಳದಲ್ಲಿ ಅವನದೊಂದು ಎಲೆಕ್ಟ್ರಿಕಲ್ ಅಂಗಡಿ ಇತ್ತು. ಅತ್ತೆ ಮನೆಯ ಸ್ವಿಚ್ಚು, ಹೋಲ್ಡರು, ಫ್ಯಾನು, ಅಂಗಳದ ಗೋಡೆಗೆ ಹೊಡೆದ ದೊಡ್ಡ ಫೋಕಸ್ ಲೈಟು, ಎಲ್ಲವೂ ಅವನ ಅಂಗಡಿಯಿಂದ ಬಂದು ಅವನ ಕೈಯಿಂದಲೇ ಕೂತಂಥವು. ಆ ಮನೆಗೆ ಹೋದರೆ ಅವನು ಮೊದಲು ತಲೆಯೆತ್ತಿ ಬಲ್ಬುಗಳನ್ನು ನೋಡುತ್ತಿದ್ದ, ಆಮೇಲೆ ಮನುಷ್ಯರನ್ನು.

ಇದೆಲ್ಲಕ್ಕಿಂತ ದೊಡ್ಡದು ಬೆಂಕಿಪೊಟ್ಟಣದ ಮರ್ಯಾದೆ. ಬಲಿಪಾಡ್ಯಮಿಯ ಸಂಜೆ ಅಂಗಳದ ತುಳಸಿಕಟ್ಟೆಯ ಮುಂದೆ ಮೊದಲ ಹಣತೆ ಹಚ್ಚುವುದು ಆ ಮನೆಯ ಹಿರಿಯ ಗಂಡಸು. ಅವನು ಹಚ್ಚಿದ ಮೇಲೆಯೇ ಉಳಿದವರು ಅದರಿಂದ ಬತ್ತಿ ತಾಗಿಸಿಕೊಂಡು ಸಾಲುದೀಪ ಹಚ್ಚಬೇಕು. ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಮಾವ ಜಟ್ಟಪ್ಪ ಬದುಕಿರುವವರೆಗೂ ಆ ಕೆಲಸವನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟವರಲ್ಲ. ಗಂಡುಮಕ್ಕಳಿಲ್ಲದ ಮನೆ. ಅವರು ತೀರಿಕೊಂಡ ಮುಂದಿನ ವರ್ಷ ಅತ್ತೆ ದುರ್ಗಮ್ಮ ಏನೂ ಮಾತಾಡದೆ ಬೆಂಕಿಪೊಟ್ಟಣವನ್ನು ಸುಬ್ಬಪ್ಪನ ಅಂಗೈಯಲ್ಲಿಟ್ಟರು. ಅವತ್ತು ಶಿವಮೊಗ್ಗಕ್ಕೆ ವಾಪಸಾಗುವಾಗ ಅವನು ದಾರಿಯುದ್ದಕ್ಕೂ ಮಾತಾಡಲಿಲ್ಲ. ಹೋಳಿಗೆ ಹೆಚ್ಚಾಗಿ ಗ್ಯಾಸ್ ಆಗಿದೆ ಅಂದುಕೊಂಡಳು ವೀಣಾ. ಅವನ ಕಣ್ಣು ತುಂಬಿತ್ತು.

ಹೀಗಿರುವಾಗ ಬಂದವನು ಚಂದ್ರು.

ಬಂದು ಕೆಲವು ವರ್ಷವೇ ಆಗಿತ್ತು ಅನ್ನಿ. ಕಿರಿಮಗಳು ಸುಪ್ರಿಯಾಳ ಗಂಡ, ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಫಿಟ್ಟರ್. ಬಾಡಿಗೆ ಮನೆಯಲ್ಲಿ ಇರುವಷ್ಟು ದಿನ ಅವನಿಂದ ಸುಬ್ಬಪ್ಪನಿಗೆ ಯಾವ ತೊಂದರೆಯೂ ಇರಲಿಲ್ಲ. ಆದರೆ ದುರ್ಗಮ್ಮನ ಮಂಡಿನೋವು ಹೆಚ್ಚಾದ ಮೇಲೆ ಗಂಡ ಹೆಂಡತಿ ಇಬ್ಬರೂ ಅತ್ತೆ ಮನೆಯ ಮಹಡಿಗೇ ಬಂದು ನೆಲೆಸಿದರು. "ಮನೆಯಳಿಯ ಆಗ್ಬಿಟ್ಟ ಬಿಡು," ಎಂದು ಸುಬ್ಬಪ್ಪ ನಕ್ಕಿದ್ದ. ಇನ್ನು ಮೇಲೆ ಆ ಮನೆಯಲ್ಲಿ ಬಲ್ಬು ಹೋದರೆ ಫೋನು ಗೋಪಾಳಕ್ಕೆ ಬರುವುದಿಲ್ಲ ಎಂದು ಅವನಿಗೆ ಆಗಲೇ ಗೊತ್ತಾಗಿತ್ತು.

ದಸರಾ ಮುಗಿದ ಒಂದು ಭಾನುವಾರ ಸುಬ್ಬಪ್ಪ ಅತ್ತೆಗೆ ಮಾತ್ರೆ ಕೊಡಲು ಹೋದಾಗ ಚಂದ್ರು ಅಂಗಳದಲ್ಲಿ ಕಾಲು ಚಾಚಿ ಕೂತಿದ್ದ. ಸುತ್ತ ಖಾಲಿ ಉಪ್ಪಿನಕಾಯಿ ಬಾಟಲಿ, ಹಾರ್ಲಿಕ್ಸ್ ಬಾಟಲಿ. ಸೋಗಾನೆ ಕಡೆಯ ಯಾವುದೋ ಲೇಔಟಿನವರು ಕಿತ್ತು ಗುಜರಿಗೆ ಹಾಕಿದ್ದ ಸೋಲಾರ್ ಗಾರ್ಡನ್ ಲೈಟುಗಳನ್ನು ಅವನು ಮೂಟೆಗಟ್ಟಲೆ ತಂದಿದ್ದ. ಅವುಗಳಿಂದ ಬಿಸ್ಕತ್ತಿನಷ್ಟಗಲದ ಪ್ಯಾನಲ್ಲು ಬಿಡಿಸಿ ಬಾಟಲಿಯ ಮುಚ್ಚಳದ ಮೇಲೆ ಕೂರಿಸುತ್ತಿದ್ದ. ಮುಚ್ಚಳದೊಳಗೆ ಚಾರ್ಜ್ ಆಗುವ ಒಂದು ಸೆಲ್ಲು, ಒಂದು ಪುಟ್ಟ ಎಲ್‌ಇಡಿ. ನೀರು ಇಳಿಯದಂತೆ ಅಂಚಿಗೆ ಎಂ-ಸೀಲು. ಬೆಳಕು ಕಣ್ಣಿಗೆ ಹೊಡೆಯದಿರಲೆಂದು ಬಾಟಲಿಯ ಒಳಗೆ ತೆಳ್ಳಗೆ ಫೆವಿಕಾಲು.

"ಸೆಲ್ಲು ಮಾತ್ರ ಹೊಸದು ಭಾವ. ಮಿಕ್ಕಿದ್ದೆಲ್ಲ ಗುಜರಿ," ಎಂದ ಚಂದ್ರು. "ಸ್ವಿಚ್ಚೇ ಬೇಡ. ಈ ಪ್ಯಾನಲ್ಲೇ ಅದರ ಕಣ್ಣು. ಬೆಳಕು ಕಂಡ್ರೆ ಚಾರ್ಜ್ ಮಾಡ್ಕೊಳ್ಳುತ್ತೆ, ರಾತ್ರಿಯೆಲ್ಲ ಉರಿದೂ ಮಿಗೋವಷ್ಟು. ಕತ್ತಲು ಕಂಡ್ರೆ ಸಾಕು, ತಾನೇ ಹತ್ತುತ್ತೆ."

ಇಷ್ಟನ್ನೂ ಅವನು ಬಿಡಿಸಿ ಬಿಡಿಸಿ ಹೇಳಿದ. ಸುಬ್ಬಪ್ಪನ ಕಿವಿಗೆ ಒಂದಕ್ಷರವೂ ಇಳಿಯಲಿಲ್ಲ. ಅವನು ನೋಡುತ್ತಿದ್ದದ್ದು ಅತ್ತೆಯ ಮುಖವನ್ನು. ಕಟ್ಟೆಯ ಮೇಲೆ ಕೂತಿದ್ದ ದುರ್ಗಮ್ಮ ಒಂದು ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಮೊಮ್ಮಗುವನ್ನು ನೋಡಿದಂತೆ ನೋಡುತ್ತಿದ್ದರು.

"ಕರೆಂಟಿಲ್ಲ, ವೈರಿಲ್ಲ, ಎಷ್ಟು ತಂಪಾದ ಬೆಳಕು ಗೊತ್ತಾ ಅಳಿಯಂದ್ರೇ," ಎಂದರು ಅವರು. "ಆ ಫೋಕಸ್ ಲೈಟು ಈಗ ಹಾಕೋದೇ ಬಿಟ್ಟಿದೀವಿ. ಕಣ್ಣು ಕುಕ್ಕುತ್ತೆ, ಹುಳ ಬೇರೆ."

ಸುಬ್ಬಪ್ಪ ತಲೆಯೆತ್ತಿ ಗೋಡೆಯ ಫೋಕಸ್ ಲೈಟು ನೋಡಿದ. "ಸೋಲಾರು ಎಲ್ಲ ಎರಡು ದಿನದ್ದು ಅತ್ತೆ," ಎಂದಷ್ಟೇ ಹೇಳಿ ಎದ್ದ. ಅವನ ಅಂಗಡಿಯಲ್ಲಿ ಸೋಲಾರಿನ ಒಂದು ಸಾಮಾನೂ ಇರಲಿಲ್ಲ. ವೈರಿಲ್ಲದ ದೀಪವನ್ನು ಅವನು ದೀಪವೆಂದು ಲೆಕ್ಕಕ್ಕೆ ಹಿಡಿದವನಲ್ಲ. ಕೆಳಗೆ ತಂತಿ ಹಿಡಿದು ಒಬ್ಬ ಮನುಷ್ಯ ನಿಂತಿರಬೇಕು, ಮೇಲೆ ಬೆಳಕು ಬರಬೇಕು, ಅದು ಅವನಿಗೆ ಗೊತ್ತಿದ್ದ ವಿದ್ಯೆ.

ದೀಪಾವಳಿಗೆ ವೀಣಾಳನ್ನು ಕರೆದುಕೊಂಡು ಪಾಡ್ಯಮಿಯ ಹಿಂದಿನ ಸಂಜೆಯೇ ಭದ್ರಾವತಿಗೆ ಹೋದ. ಗೇಟು ತೆಗೆದವನು ಅಲ್ಲೇ ನಿಂತುಬಿಟ್ಟ. ಕನಕಾಂಬರದ ಮಡಿಯ ಸುತ್ತ, ದಾಸವಾಳದ ಬುಡದಲ್ಲಿ, ಪೇರಲೆಯ ಕೊಂಬೆಯಲ್ಲಿ, ತುಳಸಿಕಟ್ಟೆಯ ನಾಲ್ಕೂ ಮೂಲೆಯಲ್ಲಿ ಬಾಟಲಿಗಳು ಹಾಲಿನ ಬಣ್ಣದಲ್ಲಿ ಬೆಳಗುತ್ತಿದ್ದವು. ಬೀದಿಯ ಹೆಂಗಸರು ಕಾಂಪೌಂಡಿನ ಮೇಲೆ ಕೈಯೂರಿ ನೋಡುತ್ತಿದ್ದರು. "ಚಿಕ್ಕಳಿಯ ಮಾಡಿದ್ದಂತೆ," ಎಂದು ಅವರಲ್ಲೊಬ್ಬಳು ಸುಬ್ಬಪ್ಪನಿಗೇ ಹೇಳಿದಳು. ಅಂಗಳ ಚೆಂದವಾಗಿತ್ತು, ಅದೇ ಅವನ ಸಂಕಟ. ಕೆಟ್ಟದಾಗಿದ್ದರೆ ಅವನೂ ಹೊಗಳಿಬಿಡುತ್ತಿದ್ದ.

ಮಾವ ಹೋದ ಮೇಲೂ ಹಬ್ಬದೂಟಕ್ಕೆ ಸುಬ್ಬಪ್ಪ ಒಂದು ಕಥೆ ಹೇಳುವುದು ರೂಢಿ. ತನ್ನ ಮೊದಲ ದೀಪಾವಳಿಯ ಕಥೆ. ಹೊಸ ಅಳಿಯನಾಗಿ ಬಂದಾಗ ಅವನು ಕೈಯಾರೆ ಕಟ್ಟಿದ ಬಣ್ಣದ ಸೀರಿಯಲ್ ಸೆಟ್ಟು ತಂದಿದ್ದ. ಬೀದಿಗೆ ಬೀದಿಯೇ ನೋಡಲು ನಿಂತಿತ್ತು. ಅಷ್ಟರಲ್ಲಿ ಇಡೀ ಮನೆ ಕತ್ತಲಾಯಿತು.

"ಲೋಡ್ ತಡೀಲಿಲ್ಲ, ಫ್ಯೂಸ್ ಹಾರಿತ್ತು," ಎಂದ ಸುಬ್ಬಪ್ಪ ಅನ್ನ ಕಲಸುತ್ತ. "ಕತ್ತಲಲ್ಲೇ ಸ್ಟೂಲ್ ಹತ್ತಿದೆ. ಮಾವ ಕೆಳಗೆ ಟಾರ್ಚ್ ಹಿಡ್ಕೊಂಡಿದ್ರು. ಹೊಸ ತಂತಿ ಕಟ್ಟಿ ಒತ್ತಿದೆ ನೋಡು, ಬೀದಿಯವರೆಲ್ಲ ಚಪ್ಪಾಳೆ. ತಮಾಷೆ ಅಂದ್ರೆ ಫ್ಯೂಸಲ್ಲಿ ಒಂಚೂರು ಮಸಿ ಇರ್ಲಿಲ್ಲ. ಹಂಗೇ ಮಾಯ ಆಗಿತ್ತು ತಂತಿ."

"ಮಸಿ ಇರ್ಲಿಲ್ವಾ ಭಾವ?" ಚಂದ್ರು ತುತ್ತು ನಿಲ್ಲಿಸಿದ. "ಸುಟ್ಟಿದ್ರೆ ಮಸಿ ಇರ್ಬೇಕಲ್ಲ."

ಇಷ್ಟು ವರ್ಷದಲ್ಲಿ ಈ ಕಥೆಯ ನಡುವೆ ಯಾರೂ ಬಾಯಿ ಹಾಕಿರಲಿಲ್ಲ. ಅತ್ತೆ ಮಜ್ಜಿಗೆ ತರುತ್ತೇನೆಂದು ಎದ್ದುಹೋದರು. ಸುಪ್ರಿಯಾ ಕಥೆಯ ಬಾಲ ಕೇಳಿಸಿಕೊಳ್ಳದೆ ಬೇರೆ ಮಾತು ತೆಗೆದಳು. "ಅಮ್ಮ, ನಾಳೆ ಹಣತೆ ರಗಳೆ ಬೇಡ. ಎಣ್ಣೆ ಚೆಲ್ಲಿ ಕಟ್ಟೆಯೆಲ್ಲ ಜಿಡ್ಡಾಗುತ್ತೆ, ತಿಕ್ಕೋದು ನಾನು. ಬಾಟಲಿ ದೀಪ ಸಾಕಲ್ವಾ? ಹೊತ್ತಿಗೆ ಸರಿಯಾಗಿ ಅವೇ ಹತ್ತುತ್ವೆ."

ಮಜ್ಜಿಗೆ ಹಿಡಿದು ಬಂದ ದುರ್ಗಮ್ಮ ಬೇಡ ಎನ್ನಲಿಲ್ಲ. "ನೋಡೋಣ," ಎಂದರು.

ಆ "ನೋಡೋಣ" ಸುಬ್ಬಪ್ಪನ ಹಿಂದೆಯೇ ಹಾಸಿಗೆಯವರೆಗೂ ಬಂತು. ತಾನೇ ಹತ್ತುವ ದೀಪಕ್ಕೆ ಹಚ್ಚುವವನು ಯಾಕೆ ಬೇಕು? ಹಚ್ಚುವವನು ಬೇಡವೆಂದ ಮೇಲೆ ಬೆಂಕಿಪೊಟ್ಟಣ ಗ್ಯಾಸ್ ಒಲೆಯ ಪಕ್ಕದಲ್ಲಿರುತ್ತದೆ, ಹಿರಿಯಳಿಯ ನೆಂಟರ ಸಾಲಿನಲ್ಲಿ ಕೈಕಟ್ಟಿ ನಿಂತಿರುತ್ತಾನೆ. ಬೀದಿಯವರೆಲ್ಲ ಚಿಕ್ಕಳಿಯನ ಬಾಟಲಿ ನೋಡುತ್ತಾರೆ. ಹಾಸಿಗೆಯಲ್ಲಿ ಅವನು ಮಗ್ಗುಲು ಬದಲಿಸಿದಾಗಲೆಲ್ಲ ಕಿಟಕಿಯಿಂದ ಆ ಹಾಲುಬೆಳಕು ನೇರ ಮುಖಕ್ಕೇ ಬಂತು.

ಬೆಳಗಾಗುವಷ್ಟರಲ್ಲಿ ಉಪಾಯ ಸಿದ್ಧವಾಗಿತ್ತು. ಬಿಸಿಲು ಕುಡಿದರೆ ತಾನೇ ಚಾರ್ಜು? ಒಂದು ದಿನ ಬಿಸಿಲು ತಪ್ಪಿಸಿದರೆ ಸಂಜೆ ಒಂದೂ ಹತ್ತುವುದಿಲ್ಲ. ಬೀದಿಯವರ ಮುಂದೆ ಚಂದ್ರುವಿನ ಮುಖ ಇಂಗು ತಿಂದ ಮಂಗನಂತಾಗುತ್ತದೆ. ಸುಪ್ರಿಯಾ ಹಣತೆ ತರಲು ಒಳಗೆ ಓಡುತ್ತಾಳೆ. ಆಮೇಲೆ ಬೆಂಕಿಪೊಟ್ಟಣ ಯಾರ ಕೈಗೆ ಬರಬೇಕೋ ಅವರ ಕೈಗೇ ಬರುತ್ತದೆ.

ಚಂದ್ರು ಬೆಳಿಗ್ಗೆ ವರ್ಕ್‌ಶಾಪಿನ ಪೂಜೆಗೆಂದು ಮಾಚೇನಹಳ್ಳಿಗೆ ಹೋದ. ಹೆಂಗಸರು ಅಡುಗೆಮನೆಯಲ್ಲಿ ಹೋಳಿಗೆಗೆ ಕೂತರು. ಸುಬ್ಬಪ್ಪ ಪಂಚೆ ಎತ್ತಿ ಕಟ್ಟಿ ಬಾಟಲಿಗಳನ್ನೆಲ್ಲ ಬುಟ್ಟಿಗೆ ತುಂಬಿ, ತೆಂಗಿನಕಾಯಿ, ಕಟ್ಟಿಗೆ ಇಡುವ ಹಿತ್ತಲ ಕೋಣೆಗೆ ಸಾಗಿಸಿದ. ಕಿಟಕಿಯಿಲ್ಲದ ಕೋಣೆ, ಬಿಸಿಲಿನ ಒಂದು ಎಳೆಯೂ ಒಳಗೆ ಹೋಗದು. ಬಾಗಿಲು ಪೂರ್ತಿ ತೆರೆದಿಟ್ಟುಕೊಂಡು, ಹಗಲ ಬೆಳಕಿನಲ್ಲೇ ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿ ಮೇಲೊಂದು ಗೋಣಿತಾಟು ಹೊದಿಸಿದ. ಹೊರಗೆ ಬಂದು ಬಾಗಿಲೆಳೆದು ಚಿಲಕ ಹಾಕಿ ಕೈ ಕೊಡವಿಕೊಂಡ.

"ಅಂಗಳದಲ್ಲಿ ಬಾಟಲಿನೇ ಇಲ್ವಲ್ರೀ?" ಎಂದಳು ವೀಣಾ ಕಾಫಿ ಕೊಡುತ್ತ.

"ಪಟಾಕಿ ಹೊಡೆಯೋರ ಕಾಲಿಗೆ ಸಿಕ್ಕಿ ಒಡೆದುಹೋಗ್ತಾವೆ. ತೆಗೆದಿಟ್ಟಿದೀನಿ. ಸಂಜೆ ಇಟ್ರಾಯ್ತು."

"ನಿಮಗೆ ಯಾವಾಗಿಂದ ಇಷ್ಟು ಕಾಳಜಿ ಬಂತು ಮಾರಾಯ್ರೆ," ಎಂದು ಅವಳು ಒಳಗೆ ಹೋದಳು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಂತೆ ಸುಬ್ಬಪ್ಪ ಪಂಚೆಗೆ ಅಂಟಿದ್ದ ಗೋಣಿಯ ನಾರು ಕಿತ್ತುಕೊಂಡ. ಆಮೇಲೆ ಕಾಫಿ ಕುಡಿದ. ಆ ಮನೆಯ ಕಾಫಿ ಅವನಿಗೆ ಬಹಳ ದಿನಗಳ ಮೇಲೆ ರುಚಿಸಿತು.

ಊಟವಾಗಿ ಜಗಲಿಯ ಕುರ್ಚಿಯಲ್ಲಿ ತೂಕಡಿಸುತ್ತಿದ್ದಾಗ ಹಿತ್ತಲ ಕಡೆಯಿಂದ ದುರ್ಗಮ್ಮನ ದನಿ ಬಂತು. "ಅಳಿಯಂದ್ರೇ, ಒಂದು ಕಾಯಿ ಬೇಕಿತ್ತು. ನನ್ನ ಕೈಗೆ ಎಟುಕಲ್ಲ, ಸ್ವಲ್ಪ ಬನ್ನಿ."

ಸುಬ್ಬಪ್ಪ ಎದ್ದು ಓಡಿದ. ಪಟಾಕಿಯ ನೆಪ ನಾಲಗೆಯ ತುದಿಯಲ್ಲೇ ಇತ್ತು. ಅತ್ತೆ ಆಗಲೇ ಕೋಣೆಯ ಒಳಗಿದ್ದರು. ಅವನು ಹೊಸ್ತಿಲು ದಾಟಿದ ಮೇಲೆ, "ಬಾಗಿಲು ಹಾಕ್ಕೊಳ್ಳಿ. ಆಗ ಚೆನ್ನಾಗಿ ಕಾಣುತ್ತೆ," ಎಂದರು.

ಬಾಗಿಲು ಹಾಕಿದ. ಕೋಣೆ ಕತ್ತಲಾಗಲಿಲ್ಲ.

ಗೋಣಿತಾಟು ಒಳಗಿನಿಂದ ಹೊಳೆಯುತ್ತಿತ್ತು. ನೇಯ್ಗೆಯ ಒಂದೊಂದು ಕಿಂಡಿಯಿಂದಲೂ ಬೆಳಕು ಜಿನುಗಿ ಕಟ್ಟಿಗೆಯ ರಾಶಿ, ತೆಂಗಿನಕಾಯಿ, ಜೇಡರ ಬಲೆ ಎಲ್ಲವೂ ನಿಚ್ಚಳವಾಗಿ ಕಾಣುತ್ತಿದ್ದವು. ದುರ್ಗಮ್ಮ ತಾಟಿನ ತುದಿ ಹಿಡಿದು ಮೆಲ್ಲಗೆ ಎಳೆದರು. ಚಂದ್ರುವಿನ ಬಾಟಲಿಗಳು ಅಷ್ಟೂ ಮೈತುಂಬಾ ಹತ್ತಿಕೊಂಡು ಸುಬ್ಬಪ್ಪನನ್ನೇ ನೋಡುತ್ತಿದ್ದವು. ಕತ್ತಲು ಕಂಡ್ರೆ ಸಾಕು, ತಾನೇ ಹತ್ತುತ್ತೆ. ಆ ಭಾನುವಾರ ಕಿವಿಗೆ ಇಳಿಯದ ಮಾತು ಈಗ ಇಳಿಯಿತು. ಬಚ್ಚಿಟ್ಟಿದ್ದಕ್ಕೇ ಅವು ಹತ್ತಿದ್ದವು. ಅಂಗಳದಲ್ಲಿ ಬಿಟ್ಟಿದ್ದರೆ ಈ ಹೊತ್ತಿಗೆ ತೆಪ್ಪಗೆ ಮಲಗಿರುತ್ತಿದ್ದವು.

"ಪಟಾಕಿ..." ಎಂದ ಸುಬ್ಬಪ್ಪ.

"ವೀಣಾ ಹೇಳಿದ್ಳು," ಎಂದರು ದುರ್ಗಮ್ಮ. ಅವರಿಗೆ ಸಿಟ್ಟು ಬಂದಂತೆ ಕಾಣಲಿಲ್ಲ, ಅದೇ ಹೆಚ್ಚು ಕಷ್ಟವಾಗಿತ್ತು. ಮಂಡಿ ಹಿಡಿದುಕೊಂಡು ಒಂದು ಕೊರಡಿನ ಮೇಲೆ ಕೂತರು. "ನಿಮ್ಮ ಮೊದಲ ದೀಪಾವಳಿಲಿ ಫ್ಯೂಸ್ ಹಾರಿರ್ಲಿಲ್ಲ ಅಳಿಯಂದ್ರೇ."

ಸುಬ್ಬಪ್ಪ ಅವರ ಮುಖ ನೋಡಿದ.

"ನಿಮ್ಮ ಮಾವ ಹಚ್ಚಿದ ಹಣತೆ ಕಡೆ ಅವತ್ತು ಒಬ್ರೂ ತಿರುಗಿ ನೋಡ್ಲಿಲ್ಲ. ಎಲ್ರೂ ನಿಮ್ಮ ಸೀರಿಯಲ್ ಸೆಟ್ಟಿನ ಮುಂದೆ. ಅವರು ಒಳಗೆ ಬಂದು ಸ್ಟೂಲ್ ಹಾಕ್ಕೊಂಡ್ರು. ಮೇನ್ ಆಫ್ ಮಾಡಿ ಫ್ಯೂಸಿನ ತಂತಿ ಕಿತ್ತು ಅಂಗಿ ಜೇಬಿಗೆ ಹಾಕ್ಕೊಂಡ್ರು. ನಾನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ."

ಒಂಚೂರು ಮಸಿ ಇರಲಿಲ್ಲ. ಇಷ್ಟು ವರ್ಷ ನಗುತ್ತ ಹೇಳಿಕೊಂಡು ಬಂದ ಮಾತು ಸುಬ್ಬಪ್ಪನ ಎದೆಗೆ ಈಗ ಬಂದು ಬಡಿಯಿತು. ಸ್ಟೂಲಿನ ಕೆಳಗೆ ಟಾರ್ಚ್ ಹಿಡಿದು ನಿಂತಿದ್ದ ಮಾವ ಕಣ್ಣ ಮುಂದೆ ಬಂದರು. ಅವರ ಅಂಗಿಯ ಜೇಬಿನಲ್ಲೇ ಆಗ ಆ ತಂತಿ ಇತ್ತು.

"ಪ್ರತಿವರ್ಷ ನೀವು ಈ ಕಥೆ ಹೇಳೋವಾಗ ಅವರು ತಲೆ ಎತ್ತುತ್ತಾ ಇರ್ಲಿಲ್ಲ. ಎಲೆ ನೋಡ್ಕೊಂಡೇ ಉಣ್ಣೋರು. ಎರಡು ಮೂರು ಸಲ ಹೇಳೇಬಿಡ್ತೀನಿ ಅಂತ ಹೊರಟಿದ್ರು. ಬಾಯಿ ಬರ್ಲಿಲ್ಲ. ಹಂಗೇ ಹೋದ್ರು." ದುರ್ಗಮ್ಮ ಸೊಂಟದಿಂದ ಬೆಂಕಿಪೊಟ್ಟಣ ತೆಗೆದು ಅವನ ಕೈಗಿಟ್ಟರು. "ತಗೊಳ್ಳಿ. ಹಣತೆ ಬೇಡ ಅಂತ ನಾನೆಲ್ಲಿ ಹೇಳಿದ್ದೆ? ನೋಡೋಣ ಅಂದಿದ್ದೆ, ಅಷ್ಟೇ."

ಕಾಯಿಯ ಮಾತು ಅವರೂ ಎತ್ತಲಿಲ್ಲ. ಗೋಡೆ ಹಿಡಿದುಕೊಂಡು ಹೊರಗೆ ಹೋದರು.

ಸುಬ್ಬಪ್ಪ ಬಾಟಲಿಗಳನ್ನು ಮತ್ತೆ ಬುಟ್ಟಿಗೆ ತುಂಬಿ ಅಂಗಳಕ್ಕೆ ತಂದು, ಎಲ್ಲಿದ್ದವೋ ಅಲ್ಲೇ ಇಟ್ಟ. ಬಿಸಿಲು ಆಗಲೇ ಪಕ್ಕದ ಮನೆಯ ತಾರಸಿಯ ಹಿಂದೆ ಇಳಿಯುತ್ತಿತ್ತು. ತಾನು ಬೇಡಿಕೊಂಡದ್ದೇ ಆಗಿತ್ತು. ಬೆಳಿಗ್ಗೆಯಿಂದ ಕತ್ತಲಲ್ಲಿ ಉರಿದು ಉರಿದು ಸೆಲ್ಲುಗಳು ಬರಿದಾಗುತ್ತ ಬಂದಿದ್ದವು, ಬೆಂಕಿಪೊಟ್ಟಣ ಜೇಬಿನಲ್ಲಿತ್ತು. ಅಂಗಿಯ ಜೇಬು ಅವತ್ತಿನಷ್ಟು ಭಾರ ಎಂದೂ ಆಗಿರಲಿಲ್ಲ.

ಸಂಜೆ ಬೀದಿಯವರು ಮತ್ತೆ ಕಾಂಪೌಂಡಿಗೆ ಬಂದು ನಿಂತರು. ಚಂದ್ರು ಮಾಚೇನಹಳ್ಳಿಯಿಂದ ಪೂಜೆಯ ಕುಂಕುಮ ಹಣೆಯಲ್ಲೇ ಇಟ್ಟುಕೊಂಡು ಬಂದಿದ್ದ. ಕತ್ತಲಾಗುತ್ತ ಬಂತು. ಮೂರೋ ನಾಲ್ಕೋ ಬಾಟಲಿ ಮಿಣುಕಿದವು, ಉಳಿದವು ಸುಮ್ಮನಿದ್ದವು. ಚಂದ್ರು ಒಂದನ್ನೆತ್ತಿ ಅಲ್ಲಾಡಿಸಿದ, ಇನ್ನೊಂದರ ಮುಚ್ಚಳ ತಿರುವಿದ. "ನಿನ್ನೆ ಸರಿ ಇತ್ತಲ್ಲ," ಎಂದು ತನ್ನಷ್ಟಕ್ಕೇ ಹೇಳಿಕೊಂಡ. ಕಾಂಪೌಂಡಿನಾಚೆ ಯಾರೋ ನಕ್ಕರು. "ಗುಜರಿ ಮಾಲು ಅಲ್ವಾ," ಎಂಬ ಮಾತೂ ಬಂತು. ಸುಪ್ರಿಯಾ ತಲೆ ತಗ್ಗಿಸಿ ಹಣತೆ ತರಲು ಒಳಗೆ ಹೋದಳು.

ಬೆಳಿಗ್ಗೆ ಸುಬ್ಬಪ್ಪ ಮನಸ್ಸಿನಲ್ಲಿ ನೋಡಿ ಖುಷಿಪಟ್ಟದ್ದು ಇದನ್ನೇ, ಚೂರೂ ಹೆಚ್ಚುಕಡಿಮೆಯಿಲ್ಲದೆ. ಚಂದ್ರುವಿನ ಮುಖ ಮಾತ್ರ ಮಂಗನ ಹಾಗಿರಲಿಲ್ಲ. ಚಪ್ಪಾಳೆ ತಟ್ಟಲು ನಿಂತ ಜನರ ಮುಂದೆ ಮನೆಯೇ ಕತ್ತಲಾದಾಗ ಒಬ್ಬ ಹೊಸ ಅಳಿಯನ ಮುಖ ಹೇಗಿರುತ್ತದೋ ಹಾಗಿತ್ತು.

"ಚಂದ್ರು," ಎಂದ ಸುಬ್ಬಪ್ಪ. "ನಿನ್ನ ದೀಪದ್ದು ಏನೂ ತಪ್ಪಿಲ್ಲ. ಬೆಳಿಗ್ಗೆಯಿಂದ ಹಿತ್ತಲ ಕೋಣೇಲಿ ಉರಿದು ಖಾಲಿ ಆಗಿದಾವೆ. ಒಳಗಿಟ್ಟೋನು ನಾನು."

ಚಂದ್ರು ಹಗುರಾಗಿ ನಕ್ಕ. "ಪಟಾಕಿ ಭಯಕ್ಕೆ ತೆಗೆದಿಟ್ರಿ ಅಂತ ಸುಪ್ರಿಯಾ ಹೇಳಿದ್ಳು, ಕತ್ತಲ ಕೋಣೇಲಿ ಅಂತ ಗೊತ್ತಿರ್ಲಿಲ್ಲ. ಹೋಗ್ಲಿ ಬಿಡಿ ಭಾವ, ಒಳ್ಳೇದಕ್ಕೇ ಮಾಡಿದ್ರಿ."

ದಾರಿ ತಾನಾಗಿಯೇ ತೆರೆದುಕೊಂಡಿತ್ತು. ಹೂಂ ಎಂದರೆ ಮುಗಿಯುತ್ತಿತ್ತು. ವೀಣಾ ಇದ್ದಳು, ಬೀದಿಯವರಿದ್ದರು. ದುರ್ಗಮ್ಮ ಕಟ್ಟೆಯ ಬಳಿ ನಿಂತು ಕೈಯಲ್ಲಿದ್ದ ಹೂವಿನ ತಟ್ಟೆಯನ್ನೇ ನೋಡುತ್ತಿದ್ದರು, ಮಾವ ಎಲೆಯನ್ನು ನೋಡುತ್ತಿದ್ದಂತೆ.

"ಅಲ್ಲ," ಎಂದ ಸುಬ್ಬಪ್ಪ. "ಹೊಟ್ಟೆಕಿಚ್ಚಿಗೆ ಇಟ್ಟೆ."

ದೂರದಲ್ಲಿ ಪಟಾಕಿ ಸರ ಹೊಡೆದು ನಿಂತಿತು. ವೀಣಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ನಗುವೋ ನಾಚಿಕೆಯೋ ಸುಬ್ಬಪ್ಪನಿಗೆ ತಿಳಿಯಲಿಲ್ಲ. ಚಂದ್ರು ಕೈಯಲ್ಲಿದ್ದ ಬಾಟಲಿಯನ್ನು ಕೆಳಗಿಟ್ಟ. ಆಮೇಲೆ ಸುಪ್ರಿಯಾಳ ಕೈಯಿಂದ ಹಣತೆ ತೆಗೆದುಕೊಂಡು ತುಳಸಿಕಟ್ಟೆಯ ಮೇಲಿಟ್ಟ. "ಎಣ್ಣೆ ಹಾಕಿದೆ ಭಾವ. ಹಚ್ಚಿ," ಎಂದ. ದನಿಯಲ್ಲಿ ಮೊದಲಿನ ಹಗುರವಿರಲಿಲ್ಲ. ಬೇಸರವೂ ಇತ್ತು, ಅದನ್ನು ಅವನು ಮುಚ್ಚಿಡಲೂ ಇಲ್ಲ.

ಸುಬ್ಬಪ್ಪ ಕಡ್ಡಿ ಗೀರಿದ. ಬತ್ತಿ ಹತ್ತಿಕೊಂಡು ನೆಟ್ಟಗೆ ಉರಿಯಿತು. ಅದೇ ಕ್ಷಣ ಹಣತೆಯ ಮಗ್ಗುಲಲ್ಲೇ ಮಿಣುಕುತ್ತಿದ್ದ ಒಂದು ಬಾಟಲಿ ತಟ್ಟನೆ ಆರಿಹೋಯಿತು.

"ಇದ್ಯಾಕೆ ಆರ್ತು?" ಎಂದ ಸುಬ್ಬಪ್ಪ. ಚಂದ್ರುವನ್ನು ಅವನು ದೀಪದ ವಿಷಯಕ್ಕೆ ಏನಾದರೂ ಕೇಳಿದ್ದು ಅದೇ ಮೊದಲು.

"ನಿಮ್ಮ ದೀಪದ ಬೆಳಕು ಅದರ ಕಣ್ಣಿಗೆ ಬಿತ್ತಲ್ಲ. ಹಗಲಾಯ್ತು ಅಂದ್ಕೊಳ್ತು."

ಸುಬ್ಬಪ್ಪನಿಗೆ ಒಳಗೊಳಗೇ ಖುಷಿಯಾಯಿತು. ಆಗಿದ್ದು ಸುಳ್ಳಲ್ಲ. ಬಾಯಿಬಿಟ್ಟು ಹೇಳಿದೊಡನೆ ಆರಿಹೋಗಲು ಹೊಟ್ಟೆಕಿಚ್ಚೇನು ಸೀಮೆಎಣ್ಣೆ ದೀಪವೇ? ತನ್ನ ಹಣತೆಯ ಮುಂದೆ ಷಡ್ಡಕನ ಸೋಲಾರು ಕಣ್ಣು ಮುಚ್ಚಿತಲ್ಲ ಎಂದು ಮನಸ್ಸು ಒಂದು ಗಳಿಗೆ ಕುಣಿದೇಬಿಟ್ಟಿತು. ಹಣತೆ ಹೀಗೇ ಇದ್ದರೆ ಆ ಬಾಟಲಿ ರಾತ್ರಿಯಿಡೀ ಹತ್ತುವುದಿಲ್ಲ. ಯಾರೂ ಅವನದು ತಪ್ಪು ಎನ್ನುವಂತೆಯೂ ಇಲ್ಲ.

ಅವನು ಬಗ್ಗಿ ಎರಡೂ ಕೈಯಿಂದ ಹಣತೆಯನ್ನು ಹಿಡಿದುಕೊಂಡ. ಆರದಂತೆ ಮೆಲ್ಲಗೆ ಎತ್ತಿ ಕಟ್ಟೆಯ ಆ ತುದಿಗೆ ಸರಿಸಿದ. ಬತ್ತಿಯ ತುದಿಯ ಬಿಸಿ ಎಣ್ಣೆ ಒಂದು ಹನಿ ಹೆಬ್ಬೆರಳ ಮೇಲೆ ಚೆಲ್ಲಿತು. ಇತ್ತ ಬಾಟಲಿ ಇನ್ನೊಮ್ಮೆ ಮಿಣುಕಿ ಹತ್ತಿತು.

"ಪ್ಯಾನಲ್ಲು ಮೇಲ್ಮುಖ ಕೂರಿಸಿದ್ದೇ ತಪ್ಪು," ಎಂದ ಹೆಬ್ಬೆರಳು ಚೀಪುತ್ತ. "ಡಿಸೈನೇ ಸರಿ ಇಲ್ಲ ನಿಂದು."

"ಮೇಲ್ಮುಖ ಇದ್ರೇನೇ ಬಿಸಿಲು ಬೀಳೋದು ಭಾವ," ಎಂದ ಚಂದ್ರು.

ಸುಬ್ಬಪ್ಪ ಬೆಂಕಿಪೊಟ್ಟಣವನ್ನು ಅತ್ತೆಯ ಕೈಗೆ ವಾಪಸು ಕೊಟ್ಟು, ಉಳಿದ ಹಣತೆಗಳನ್ನು ಬಾಟಲಿಗಳಿಂದ ದೂರ ಇಡಲು ಜಾಗ ನೋಡತೊಡಗಿದ.